ಲದ್ದಿ ಎಣಿಸಿ ಜಂತಿನ ಔಷಧಿ ಕೊಟ್ಟ ನಾಲ್ಕು ವರ್ಷ: ನನ್ನ ಅನುಭವ

ಎರಡು ತಿಂಗಳಿಗೊಮ್ಮೆ ಲಾಯದ ಎಲ್ಲ ಕುದುರೆಗಳ ಬಾಯಿಗೂ ಜಂತುನಾಶಕ ಪೇಸ್ಟ್ ಹಾಕಿಸುವ ಪದ್ಧತಿಯನ್ನು ನಾನು ಬಿಟ್ಟು ನಾಲ್ಕು ವರ್ಷವಾಯಿತು. ಪಶುವೈದ್ಯಕೀಯ ವೃತ್ತಿಯಲ್ಲಿ ನಾನು ನೋಡಿಕೊಳ್ಳುತ್ತಿರುವುದು ಮೂರು ಲಾಯಗಳ ಸುಮಾರು 40 ದೊಡ್ಡ ಕುದುರೆಗಳನ್ನು. ಮೊದಲು ಲದ್ದಿಯಲ್ಲಿನ ಜಂತಿನ ಮೊಟ್ಟೆ ಎಣಿಸೋಣ, ಯಾವುದಕ್ಕೆ ಔಷಧಿ ಬೇಕೆಂಬುದನ್ನು ಆಮೇಲೆ ನೋಡೋಣ ಎಂದಾಗ ಇಬ್ಬರು ಯಜಮಾನರು ಒಪ್ಪಲೇ ಇಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು, "ಪೇಸ್ಟ್ ಉಳಿಸಲು ಹೋಗಿ ಕುದುರೆ ಕಳೆದುಕೊಳ್ಳುತ್ತೀರಿ" ಎಂದರು. ಅವರ ಮಾತಿನಲ್ಲಿಯೂ ಹುರುಳಿತ್ತು ಎಂಬುದು ಎರಡನೆಯ ವರ್ಷ ಗೊತ್ತಾಯಿತು.

ಎಂಟು ವಾರಕ್ಕೊಮ್ಮೆ ಎಂಬ ಲೆಕ್ಕ 1966ರಲ್ಲಿ ಪರಾವಲಂಬಿ ತಜ್ಞರಾದ ಡ್ರಜ್ ಮತ್ತು ಲಯನ್ಸ್ ಸೂಚಿಸಿದ್ದು. ಕರುಳಿನ ರಕ್ತನಾಳವನ್ನು ಕೆಡಿಸುವ ದೊಡ್ಡ ಸ್ಟ್ರಾಂಗೈಲ್ ಹುಳುವನ್ನು ಹತ್ತಿಕ್ಕಲು ಅದು ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಈಗ ನಮ್ಮೆದುರು ಇರುವುದು ಬಹುಪಾಲು ಸಣ್ಣ ಸ್ಟ್ರಾಂಗೈಲ್. ಅದಕ್ಕೆ ಔಷಧಿಯ ಮೇಲೆ ಔಷಧಿ ಕೊಟ್ಟು ಬಗ್ಗದಂತೆ ಮಾಡಿದವರು ನಾವೇ.

ಮೊದಲ ವರ್ಷ ಪೂರ್ತಿ ಹಾಳಾಯಿತು. ಮೆಕ್‌ಮಾಸ್ಟರ್ ಸ್ಲೈಡ್ (ಮೊಟ್ಟೆ ಎಣಿಸಲು ಗೆರೆ ಎಳೆದ ಎರಡು ಕೋಶಗಳ ಗಾಜು) ಮತ್ತು ಹಳೆಯ ಮೈಕ್ರೋಸ್ಕೋಪ್ ಕೊಂಡು, ಮಾದರಿಗಳನ್ನು ಕಳುಹಿಸಿ ಎಂದು ಲಾಯಗಳಿಗೆ ಹೇಳಿ ಕುಳಿತೆ. ಬಂದ ಎಣಿಕೆಗಳನ್ನು ನೋಡಿದರೆ ಅರ್ಧಕ್ಕರ್ಧ ಕುದುರೆಗಳಲ್ಲಿ ಗ್ರಾಂ ಲದ್ದಿಗೆ ಸೊನ್ನೆ ಅಥವಾ 50 ಮೊಟ್ಟೆ; ನನ್ನ ಲಾಯಗಳಷ್ಟು ಶುದ್ಧವಾದ ಲಾಯಗಳು ಬೇರೆಲ್ಲೂ ಇಲ್ಲವೆಂದು ಮೂರು ತಿಂಗಳು ಬೀಗಿದೆ. ಒಂದು ದಿನ ಸ್ಲೈಡಿನಲ್ಲಿ ಮೊಟ್ಟೆಯ ಬದಲು ಅದರಿಂದ ಹೊರಬಿದ್ದ ಮರಿಹುಳು ನುಲಿಯುತ್ತಿರುವುದು ಕಂಡಾಗ ಸಂಶಯ ಬಂತು. ವಿಚಾರಿಸಿದರೆ ಲಾಯದ ಹುಡುಗರು ಬೆಳಿಗ್ಗೆ ಬಿದ್ದ ಲದ್ದಿಯನ್ನು ಸಂಜೆ ಕಸ ಗುಡಿಸುವಾಗ ಎತ್ತಿ, ಬಾಯಿ ತೆರೆದ ಚೀಲದಲ್ಲಿ ಹಾಕಿ, ಮಾರನೆಯ ದಿನ ಕಳುಹಿಸುತ್ತಿದ್ದರು. ಹಾಗಾಗಿ ಒಂದೇ ಲದ್ದಿಯುಂಡೆಯನ್ನು ಮೂರು ಪಾಲು ಮಾಡಿ ಪರೀಕ್ಷಿಸಿದೆ: ಒಂದನ್ನು ಗಾಳಿ ಹಿಂಡಿ ತೆಗೆದು ಫ್ರಿಜ್‌ನಲ್ಲಿಟ್ಟೆ, ಒಂದನ್ನು ಮೇಜಿನ ಮೇಲೆ ತೆರೆದಿಟ್ಟೆ, ಮತ್ತೊಂದನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟೆ. ಮಾರನೆಯ ದಿನ ಗ್ರಾಂಗೆ ಮೊದಲನೆಯದರಲ್ಲಿ 650ರ ಸುತ್ತಮುತ್ತ, ಎರಡನೆಯದರಲ್ಲಿ 400, ಕಾರಿನಲ್ಲಿದ್ದುದರಲ್ಲಿ 100ರಷ್ಟು ಮೊಟ್ಟೆಗಳು ಸಿಕ್ಕವು. ಆ ವರ್ಷದ ದಾಖಲೆ ಪುಸ್ತಕವನ್ನು ನಾನೇ ಹರಿದು ಹಾಕಿದೆ.

ಈಗಿನ ಕ್ರಮ ಸರಳವಾಗಿದೆ. ಲದ್ದಿ ಬಿದ್ದ ಕೂಡಲೇ ಉಂಡೆಯ ಒಳಭಾಗವನ್ನು ತೆಗೆದು, ಚೀಲವನ್ನು ಚಪ್ಪಟೆಯಾಗಿ ಹಿಂಡಿ ಮುಚ್ಚಿ, ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ದಿನ ಚಿಂತೆಯಿಲ್ಲ. ತೂಕದ ಯಂತ್ರವನ್ನೂ ಬಿಟ್ಟಿದ್ದೇನೆ: ಅಳತೆಯ ಬಟ್ಟಲಿಗೆ ಮೊಟ್ಟೆಗಳನ್ನು ತೇಲಿಸುವ ದ್ರಾವಣ 26 ಮಿಲಿ ಹಾಕಿ, ಮಟ್ಟ 30ಕ್ಕೆ ಏರುವವರೆಗೆ ಲದ್ದಿ ಹಾಕಿದರೆ 4 ಗ್ರಾಂ ಆಯಿತು. ಸ್ಲೈಡಿನ ಎರಡೂ ಕೋಶಗಳನ್ನು ಎಣಿಸಿ 25ರಿಂದ ಗುಣಿಸುತ್ತೇನೆ; ಒಂದು ಗ್ರಾಂ ಲದ್ದಿಯ ಲೆಕ್ಕ ಸಿಗುತ್ತದೆ. ಉಪ್ಪಿನ ದ್ರಾವಣ ಅಗ್ಗವೇನೋ ಹೌದು, ಆದರೆ ಹತ್ತು ನಿಮಿಷ ತಡವಾದರೆ ಹರಳುಗಟ್ಟಿ ಏನೂ ಕಾಣದಂತಾಗುತ್ತದೆ. ಸಕ್ಕರೆಯ ದ್ರಾವಣಕ್ಕೆ ಆ ಅವಸರವಿಲ್ಲ, ಆದರೆ ರಾತ್ರಿ ತೊಳೆಯದೆ ಬಿಟ್ಟ ಸ್ಲೈಡುಗಳನ್ನು ಬೆಳಿಗ್ಗೆ ಇರುವೆಗಳಿಂದ ಬಿಡಿಸಿಕೊಳ್ಳಬೇಕು. ಎರಡನ್ನೂ ಬೆರೆಸಿದ ದ್ರಾವಣವೊಂದನ್ನು ನಾನು ಬಳಸುತ್ತಿದ್ದೇನೆ. ಅದರ ಪ್ರಮಾಣವನ್ನೂ, ಗುಳ್ಳೆ ಬಾರದಂತೆ ಕೋಶ ತುಂಬುವ ನನ್ನ ಕೈಚಳಕವನ್ನೂ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಅವುಗಳಿಗಾಗಿ ಎಷ್ಟು ಸ್ಲೈಡು ಒಡೆದಿದ್ದೇನೆಂಬುದು ನನಗೇ ಗೊತ್ತು.

ಖರ್ಚು ತಗ್ಗಿಸಲು ಐದು ಕುದುರೆಗಳ ಲದ್ದಿಯನ್ನು ಒಟ್ಟಿಗೆ ಕಲಸಿ ಒಂದೇ ಎಣಿಕೆ ಮಾಡುವ ಪ್ರಯೋಗವನ್ನೂ ಮಾಡಿದೆ. ಸರಾಸರಿ 300 ಬಂತು. ಬಿಡಿಬಿಡಿಯಾಗಿ ನೋಡಿದಾಗ ನಾಲ್ಕು ಕುದುರೆಗಳಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ, ಐದನೆಯದೊಂದೇ 1,400 ದಾಟಿತ್ತು. ಯಾರು ಹುಲ್ಲುಗಾವಲನ್ನು ಕೆಡಿಸುತ್ತಿದ್ದಾರೆಂದು ಹೇಳದ ಎಣಿಕೆ ನನಗೆ ಬೇಡವಾಗಿತ್ತು, ಅಲ್ಲಿಗೇ ಕೈಬಿಟ್ಟೆ.

ಎರಡನೆಯ ವರ್ಷದ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಗಂಡು ಕುದುರೆಯೊಂದಕ್ಕೆ ಪೇಸ್ಟ್ ಹಾಕಿ ಎರಡು ವಾರವಾಗಿತ್ತು, ಎಣಿಕೆ ಸೊನ್ನೆ ಇತ್ತು. ಅದೇ ಕುದುರೆ ಇದ್ದಕ್ಕಿದ್ದಂತೆ ನೀರಿನಂತೆ ಭೇದಿ ಮಾಡಿಕೊಂಡು, ಹತ್ತೇ ದಿನದಲ್ಲಿ ಪಕ್ಕೆಲುಬು ಎಣಿಸುವಷ್ಟು ಸೊರಗಿತು. ಹೊಟ್ಟೆಯ ಕೆಳಗೂ ಕಾಲುಗಳಲ್ಲಿಯೂ ನೀರು ತುಂಬಿಕೊಂಡಿತು, ರಕ್ತಪರೀಕ್ಷೆಯಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ತೀರಾ ಇಳಿದಿತ್ತು. ಗುದಪರೀಕ್ಷೆ ಮಾಡಿ ಕೈ ಹೊರತೆಗೆದಾಗ ಕೈಗವಸಿನ ಬೆರಳುಗಳಿಗೆ ಕೆಂಪು ನೂಲಿನ ತುಣುಕುಗಳಂತಹ ಮರಿಹುಳುಗಳು ಅಂಟಿಕೊಂಡಿದ್ದವು. ಕರುಳಿನ ಗೋಡೆಯಲ್ಲಿ ಹುದುಗಿದ್ದವು ಒಮ್ಮೆಗೇ ಹೊರಬಿದ್ದಿದ್ದವು. ಗೋಡೆಯೊಳಗಿನ ಮರಿಹುಳು ಮೊಟ್ಟೆಯಿಡುವುದಿಲ್ಲ, ಆದ್ದರಿಂದ ಎಣಿಕೆಗೆ ಸಿಗುವುದಿಲ್ಲ. ಇದು ಪರೀಕ್ಷೆಗೆ ಓದುವಾಗಲೇ ಗೊತ್ತಿದ್ದ ಸಂಗತಿ, ಕೈಯಲ್ಲಿ ಹಿಡಿದು ನೋಡಿದ್ದು ಅಂದೇ ಮೊದಲು. "ಡಾಕ್ಟ್ರೇ, ನಿಮ್ಮ ಚೀಟಿಯಲ್ಲಿ ಸೊನ್ನೆ ಇತ್ತಲ್ಲ" ಎಂದು ಯಜಮಾನರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮಾಕ್ಸಿಡೆಕ್ಟಿನ್ ಎಂಬ ಜಂತುನಾಶಕ, ಸ್ಟಿರಾಯ್ಡ್, ದ್ರವ ಚಿಕಿತ್ಸೆ ಎಲ್ಲವನ್ನೂ ಕೊಟ್ಟು ಆರು ವಾರ ಹೆಣಗಿದ ಮೇಲೆ ಅದು ಚೇತರಿಸಿಕೊಂಡಿತು. ಆ ಆರು ವಾರಗಳ ಶುಲ್ಕವನ್ನು ನಾನು ಕೇಳಲಿಲ್ಲ. ಅಂದಿನಿಂದ ಎಳೆಯ ಕುದುರೆಗಳನ್ನು ಎಣಿಕೆಯೊಂದನ್ನೇ ನಂಬಿ ಬಿಡುವುದಿಲ್ಲ. ಲಾಡಿಹುಳುವಿನ ಮೊಟ್ಟೆಯೂ ಸ್ಲೈಡಿನಲ್ಲಿ ಸರಿಯಾಗಿ ಸಿಗದ ಕಾರಣ, ವರ್ಷಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಪೇಸ್ಟನ್ನು ಎಲ್ಲಕ್ಕೂ ಕೊಡಿಸುತ್ತೇನೆ.

ಅನುಮಾನಿಸಿದವರ ಬಾಯಿ ಮುಚ್ಚಿಸಿದ್ದು ಔಷಧಿ ಕೊಟ್ಟು 14 ದಿನದ ನಂತರ ಮಾಡಿದ ಎರಡನೆಯ ಎಣಿಕೆ. ಒಂದು ಲಾಯದಲ್ಲಿ ವರ್ಷಗಳಿಂದ ಫೆನ್‌ಬೆಂಡಜೋಲ್ ಎಂಬ ಜಂತುನಾಶಕ ನಡೆದುಬಂದಿತ್ತು. ಎಂಟು ಕುದುರೆಗಳ ಸರಾಸರಿ ಔಷಧಿಗೆ ಮೊದಲು 700ರಷ್ಟಿದ್ದುದು ನಂತರವೂ 450ರ ಆಸುಪಾಸಿನಲ್ಲಿಯೇ ನಿಂತಿತ್ತು, ಅಂದರೆ ಇಳಿದದ್ದು ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಶೇ 90ಕ್ಕಿಂತ ಕಡಿಮೆ ಇಳಿದರೇ ಔಷಧಿ ಸೋತಂತೆ. ತೂಕ ತಪ್ಪಿರಬಹುದೆಂದು ಟೇಪು ಹಿಡಿದು, ಎದೆಸುತ್ತಳತೆಯ ವರ್ಗವನ್ನು ಮೈಯುದ್ದದಿಂದ ಗುಣಿಸಿ 11,880ರಿಂದ ಭಾಗಿಸಿ ನೋಡಿದೆ; 400 ಕಿಲೋ ಎಂದು ಬರೆದುಕೊಂಡಿದ್ದ ಕುದುರೆ 475ಕ್ಕೆ ಬಂತು. ತೂಕ ಸರಿಪಡಿಸಿ ಮತ್ತೆ ಕೊಟ್ಟರೂ ಫಲಿತಾಂಶ ಹೆಚ್ಚೇನೂ ಬದಲಾಗಲಿಲ್ಲ. ಆ ಪೇಸ್ಟಿಗೆ ಸುರಿದ ಹಣದ ಲೆಕ್ಕವನ್ನು ಯಜಮಾನರು ತಾವೇ ಹಾಕಿಕೊಂಡರು, ನಾನು ಬಾಯಿ ಬಿಡಬೇಕಾಗಲಿಲ್ಲ. ಕುದುರೆಮರಿಗಳ ದುಂಡುಹುಳುವಿನಲ್ಲಿ ಕಥೆ ತಿರುಗುಮುರುಗು: ಅಲ್ಲಿ ಸೋತದ್ದು ಐವರ್ಮೆಕ್ಟಿನ್ ಎಂಬ ಇನ್ನೊಂದು ಜಂತುನಾಶಕ, ಕೆಲಸ ಮಾಡಿದ್ದು ಇದೇ ಫೆನ್‌ಬೆಂಡಜೋಲ್.

ಹಣದ ವಿಷಯದಲ್ಲಿ ನಾನು ಎಡವಿದ್ದು ಶುಲ್ಕ ನಿಗದಿಯಲ್ಲಿ. ಒಂದು ಎಣಿಕೆಗೆ ಒಂದು ಪೇಸ್ಟಿನ ಬೆಲೆಯ ಮೂರನೇ ಒಂದು ಪಾಲನ್ನು ಇಟ್ಟಿದ್ದೆ. ಒಂದು ಮಾದರಿಗೆ 12 ನಿಮಿಷವೆಂದರೂ 40ಕ್ಕೆ ಎಂಟು ಗಂಟೆ. ಆ ಎಂಟು ಗಂಟೆಯಲ್ಲಿ ಕುದುರೆಗಳ ಹಲ್ಲುಗಳನ್ನು ಅರದಿಂದ ಉಜ್ಜಿ ಸಮ ಮಾಡಿದ್ದರೆ ಅದರ ಹಲವು ಪಟ್ಟು ಗಳಿಸುತ್ತಿದ್ದೆ. ಈಗ ಪೇಸ್ಟಿನ ಅರ್ಧ ಬೆಲೆ ತೆಗೆದುಕೊಳ್ಳುತ್ತೇನೆ, ಇಡೀ ಲಾಯದ ಮಾದರಿಗಳು ಒಂದೇ ದಿನ ಬಂದರೆ ಮಾತ್ರ. ಯಜಮಾನರಿಗೂ ನಷ್ಟವಿಲ್ಲ: ಮೊದಲು ವರ್ಷಕ್ಕೆ 240 ಪೇಸ್ಟ್ ಸಿರಿಂಜು ಖರ್ಚಾಗುತ್ತಿದ್ದಲ್ಲಿ ಈಗ 90ರ ಸುಮಾರು. ಎಲ್ಲಕ್ಕೂ ವರ್ಷಕ್ಕೆ ಎರಡು ಬಾರಿ, ಎಣಿಕೆ 500 ದಾಟುವ ಎಂಟು ಕುದುರೆಗಳಿಗೆ ಹೆಚ್ಚುವರಿ, ಅಷ್ಟೆ. ಆ ಎಂಟು ಪ್ರತಿ ವರ್ಷ ಬಹುತೇಕ ಅವೇ ಆಗಿರುತ್ತವೆ.

ಸದ್ಯ ನಿದ್ದೆ ಕೆಡಿಸಿರುವುದೂ ಅವೇ ಎಂಟು. ಐವರ್ಮೆಕ್ಟಿನ್ ಕೊಟ್ಟ 14ನೆಯ ದಿನ ಈಗಲೂ ಸೊನ್ನೆ ಬರುತ್ತಿದೆ, ಆದರೆ ಮೊದಲು ಏಳೆಂಟು ವಾರದ ಮೇಲೆ ಕಾಣಿಸುತ್ತಿದ್ದ ಮೊಟ್ಟೆಗಳು ಕಳೆದ ಬಾರಿ ಐದನೆಯ ವಾರಕ್ಕೇ ಕಾಣಿಸಿಕೊಂಡವು. ಔಷಧಿ ಸೋಲತೊಡಗಿದ ಸುಳಿವು ಇದು. ಈ ಬಾರಿ ನಾಲ್ಕನೆಯ ವಾರದಿಂದಲೇ ಎಣಿಸಲು ಹೊರಟಿದ್ದೇನೆ. ಮಾದರಿಗಳು ಸೋಮವಾರ ಬರಲಿವೆ.