ಕೆರೆಯ ಜಿಲೇಬಿ ಮೀನಿಗೆ ಫ್ಲೈ ಗಾಳ

ಅಮೆರಿಕದಲ್ಲಿ ಫ್ಲೈ ಫಿಶಿಂಗ್, ಅಂದರೆ ಗಾಳಕ್ಕೆ ದಾರ, ಉಣ್ಣೆ ಕಟ್ಟಿ ಮಾಡಿದ ನಕಲಿ ಹುಳದಿಂದ (ಫ್ಲೈ) ಮೀನು ಹಿಡಿಯುವುದನ್ನು, ಕಲಿಯುವವರಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಬ್ಲೂಗಿಲ್ ಎಂಬ ಅಂಗೈಯಗಲದ ಕೊಳದ ಮೀನು. ನಮ್ಮ ಹಾವೇರಿ, ಗದಗ, ಧಾರವಾಡ ಸೀಮೆಯಲ್ಲಿ ಆ ಮೀನಿಲ್ಲ, ಜಿಲೇಬಿ ಇದೆ. 1952ರಲ್ಲಿ ಶ್ರೀಲಂಕಾದಿಂದ ಭಾರತಕ್ಕೆ ಬಂದ ಈ ಆಫ್ರಿಕಾದ ತಿಲಾಪಿಯಾ ಈಗ ಊರೂರಿನ ಕೆರೆಯಲ್ಲೂ ತುಂಬಿಕೊಂಡಿದೆ. ಎರಡು ಮೀನಿಗೂ ಬಾಯಿ ಸಣ್ಣದು. ಎರಡೂ ದಂಡೆಯ ತೆಳು ನೀರಿನಲ್ಲಿ ದುಂಡನೆಯ ತಗ್ಗು ತೋಡಿ ಮೊಟ್ಟೆ ಇಡುತ್ತವೆ, ಆ ತಗ್ಗಿಗೆ ಬಂದ ಹುಳವನ್ನು ಸಹಿಸುವುದಿಲ್ಲ. ಹಾಗಾಗಿ ಬ್ಲೂಗಿಲ್‌ಗೆ ನಡೆಯುವ ಸಾಮಾನು ಜಿಲೇಬಿಗೂ ನಡೆಯುತ್ತದೆ. ಒಂದೇ ವ್ಯತ್ಯಾಸ: ಜಿಲೇಬಿ ಹೆಚ್ಚಾಗಿ ಪಾಚಿ ತಿನ್ನುವ ಮೀನು, ನೀರ ಮೇಲಿನ ಹುಳಕ್ಕೆ ದಿನವೂ ಏಳುವುದಿಲ್ಲ. ಸಣ್ಣ ಫ್ಲೈಯನ್ನು ಹತ್ತಿರದಲ್ಲೇ, ನಿಧಾನವಾಗಿ ಆಡಿಸಿದವರಿಗೆ ಅದು ಸಿಗುತ್ತದೆ. ಐವತ್ತು ಅಡಿ ದೂರ ಎಸೆಯುವ ವಿದ್ಯೆ ಇಲ್ಲಿ ಬೇಕಾಗಿಲ್ಲ.

ಮೊದಲು ಅನುಮತಿ. ಬಹಳಷ್ಟು ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆ ಹಿಡಿದವರದು ಅಥವಾ ಮೀನುಗಾರರ ಸಂಘದ್ದು. ಅವರನ್ನು ಕೇಳಿಯೇ ಇಳಿಯಿರಿ. ಜಿಲೇಬಿ ಮಾತ್ರ ಹಿಡಿಯುತ್ತೇನೆ, ಕಾಟ್ಲಾ ರೋಹು ಬಿದ್ದರೆ ಬಿಡುತ್ತೇನೆ ಎಂದರೆ ಬೇಡ ಅನ್ನುವವರು ಕಡಿಮೆ, ಏಕೆಂದರೆ ಬಿತ್ತಿದ ಮೀನಿನ ಮೇವಿಗೆ ಜಿಲೇಬಿ ಪಾಲುದಾರ. ಗದಗ ಜಿಲ್ಲೆಯ ಮಾಗಡಿ ಕೆರೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಸಂರಕ್ಷಿತ ಜಾಗ, ಅಲ್ಲಿಗೆ ಗಾಳ ಒಯ್ಯಲೇಬೇಡಿ.

ರಾಡ್ ಮತ್ತು ದಾರ

ಫ್ಲೈ ರಾಡ್ ಕೊಳ್ಳುವುದಾದರೆ 4 ನಂಬರಿನ (ನಂಬರು ಹೆಚ್ಚಿದಷ್ಟೂ ರಾಡ್, ದಾರ ತೂಕದವು), ಎಂಟರಿಂದ ಒಂಬತ್ತು ಅಡಿಯದು ಸಾಕು. 3 ನಂಬರಿನದು ಇನ್ನೂ ಹಗುರ, ಆದರೆ ನಮ್ಮ ಬಯಲುಸೀಮೆಯ ಗಾಳಿಗೆ ಸೋಲುತ್ತದೆ. ಮೇಲೆ ತೇಲುವ, ಮುಂಭಾಗ ತೂಕದ ಫ್ಲೈ ಲೈನ್ ಹಾಕಿ, ಫ್ಲೈಯನ್ನು ಮುಂದಕ್ಕೆ ಒಯ್ಯುವ ದಪ್ಪ ದಾರ ಇದೇ. ಅದರ ತುದಿಗೆ ಕಟ್ಟುವ ತೆಳು ದಾರವನ್ನು, ಅಂದರೆ ಲೀಡರನ್ನು, ತಂಗೂಸಿಯಿಂದ (ನೈಲಾನ್ ದಾರ) ನೀವೇ ಮಾಡಿಕೊಳ್ಳಬಹುದು: 0.40 ಮಿ.ಮೀ. ದಪ್ಪದ್ದು 4 ಅಡಿ, 0.30ರದ್ದು 2 ಅಡಿ, 0.20ರದ್ದು ಒಂದೂವರೆ ಅಡಿ, ಕೊನೆಗೆ 0.16ರದ್ದು ಒಂದೂವರೆ ಅಡಿ. ಎರಡು ತುದಿಗಳನ್ನು ಜೋಡಿಸಿ ಹಿಡಿದು, ಕುಣಿಕೆ ಮಾಡಿ, ಅದರೊಳಗೆ ಎರಡು ಸಲ ತೂರಿಸಿ, ಉಗುಳು ಹಚ್ಚಿ ಎಳೆಯಿರಿ. ಒಣಗಂಟು ಎಳೆದರೆ ಬಿಸಿಯಾಗಿ ದಾರದ ಬಲ ಹೋಗುತ್ತದೆ. ಗಂಟಿನ ಹತ್ತಿರ ದಾರ ಸುರುಳಿ ಸುರುಳಿಯಾಗಿ ಕಂಡರೆ ಕತ್ತರಿಸಿ ಮತ್ತೆ ಕಟ್ಟಿ.

ಖರ್ಚು ಬೇಡ ಎನ್ನುವವರಿಗೆ ರೀಲ್ ಇಲ್ಲದ 12 ಅಡಿಯ ಮಡಚುವ ರಾಡ್ ಇದೆ, ಶುರುವಿಗೆ ನಮ್ಮ ಶಿಫಾರಸು ಅದೇ. ತುದಿಗೆ 0.33 ಮಿ.ಮೀ. ಫ್ಲೋರೋಕಾರ್ಬನ್ ದಾರ 11 ಅಡಿ, ಅದಕ್ಕೆ 0.16ರ ತಂಗೂಸಿ 3 ಅಡಿ. ಸಾದಾ ತಂಗೂಸಿಗಿಂತ ಫ್ಲೋರೋಕಾರ್ಬನ್ ತೂಕ ಹೆಚ್ಚು, ಅದಕ್ಕೇ ಗಾಳಿಯಲ್ಲಿ ಅದು ಫ್ಲೈಯನ್ನು ಮುಂದಕ್ಕೆ ಒಯ್ಯುತ್ತದೆ.

ಎರಡೇ ಫ್ಲೈ

ಪೆಟ್ಟಿಗೆ ತುಂಬ ಬಣ್ಣಬಣ್ಣದ ಫ್ಲೈ ಇಟ್ಟುಕೊಳ್ಳುವುದು ಬರೀ ಶೋಕಿ. ತೇಲುವುದೊಂದು, ಮುಳುಗುವುದೊಂದು ಇದ್ದರೆ ವರ್ಷ ದಾಟುತ್ತದೆ. ಕಟ್ಟುವಾಗ ಗಾಳವನ್ನು ಕಚ್ಚಿ ಹಿಡಿಯುವ ವೈಸ್ ಇಲ್ಲದಿದ್ದರೆ ಇಕ್ಕಳದಲ್ಲಿ ಗಾಳ ಕಚ್ಚಿಸಿ, ಹಿಡಿಕೆಗೆ ರಬ್ಬರ್ ಬ್ಯಾಂಡ್ ಸುತ್ತಿ ಪುಸ್ತಕಗಳ ನಡುವೆ ನಿಲ್ಲಿಸಿ. ಗಾಳದ ಮೊನೆಯ ಹಿಂದಿರುವ ಸಣ್ಣ ಹಿಮ್ಮುಳ್ಳನ್ನು ಮೊದಲೇ ಒತ್ತಿ ಸಪಾಟು ಮಾಡಿಬಿಡಿ. ಮೀನನ್ನು ಬಿಡಿಸುವುದು ಸುಲಭ, ಕಿವಿಗೆ ಚುಚ್ಚಿಕೊಂಡರೂ ಸುಲಭ.

ತೇಲುವುದಕ್ಕೆ 10 ಅಥವಾ 12 ನಂಬರಿನ ಉದ್ದ ಕಾಲಿನ (ನೇರ ಭಾಗ ಉದ್ದವಿರುವ) ಗಾಳ, ಸ್ಟೇಶನರಿ ಅಂಗಡಿಯ 2 ಮಿ.ಮೀ. ಫೋಮ್ ಹಾಳೆ, ಹೊಲಿಗೆ ದಾರ, ಹಳೆಯ ಇಲಾಸ್ಟಿಕ್ ಪಟ್ಟಿ ಬಿಚ್ಚಿದರೆ ಸಿಗುವ ರಬ್ಬರ್ ಎಳೆ. ಗಾಳದ ಕಾಲಿಗೆ ಕಣ್ಣಿನಿಂದ ಬಾಗಿನವರೆಗೆ ದಾರ ಸುತ್ತಿ ಒಂದು ಹನಿ ಫೆವಿಕ್ವಿಕ್ ಹಾಕಿ. ಇಲ್ಲದಿದ್ದರೆ ಫೋಮ್ ಕಾಲಿನ ಸುತ್ತ ತಿರುಗುತ್ತದೆ. 4 ಮಿ.ಮೀ. ಅಗಲ, 2 ಸೆಂ.ಮೀ. ಉದ್ದದ ಫೋಮ್ ಪಟ್ಟಿಯನ್ನು ಕಾಲಿನ ಮೇಲಿಟ್ಟು, ಮುಂದೆ 4 ಮಿ.ಮೀ. ತಲೆ ಉಳಿಯುವಂತೆ ಐದಾರು ಸುತ್ತು ಕಟ್ಟಿ. ಬಿಗಿ ಹೆಚ್ಚಾದರೆ ದಾರ ಫೋಮನ್ನೇ ಕೊಯ್ಯುತ್ತದೆ. ಅದೇ ಜಾಗದಲ್ಲಿ ಎರಡೂ ಬದಿಗೆ ಒಂದೊಂದು ರಬ್ಬರ್ ಎಳೆಯನ್ನು ನಡುವೆ ಕಟ್ಟಿದರೆ ಹುಳಕ್ಕೆ ನಾಲ್ಕು ಕಾಲು. ಅವನ್ನು ಒಂದೂವರೆ ಸೆಂ.ಮೀ.ಗೆ ಕತ್ತರಿಸಿ. ಉದ್ದ ಬಿಟ್ಟರೆ ಮೀನು ಕಾಲು ಮಾತ್ರ ಕಚ್ಚಿ ಬಿಡುತ್ತದೆ. ಫೋಮ್ ಪೂರ್ತಿ ಗಾಳದ ಕಾಲಿನ ಮೇಲ್ಗಡೆಯೇ ಕೂತಿರಬೇಕು, ಗಾಳದ ಬಾಯಿ ತೆರೆದಿರಬೇಕು. ಹತ್ತು ಸಲ ಹೊಡೆದರೂ ಮೀನು ಸಿಗುತ್ತಿಲ್ಲ ಎಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಮುಳುಗುವುದು ನಮ್ಮ ನೀರಿಗೆ ಇನ್ನೂ ಮುಖ್ಯ. 12 ಅಥವಾ 14 ನಂಬರಿನ ಗಾಳ ತೆಗೆದುಕೊಂಡು, ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ 0.25 ಮಿ.ಮೀ. ತಾಮ್ರದ ತಂತಿಯನ್ನು ಕಾಲಿನ ಮುಂದಿನ ಅರ್ಧಕ್ಕೆ ಹನ್ನೆರಡು ಸುತ್ತು ಸುತ್ತಿ. ಹಳೆಯ ಕರಿ ಕಂಬಳಿಯಿಂದ ಕಿತ್ತ ಉಣ್ಣೆಯನ್ನು ದಾರಕ್ಕೆ ಹೊಸೆದು ಹಿಂದಿನಿಂದ ಮುಂದಕ್ಕೆ ಸುತ್ತುತ್ತ ಬನ್ನಿ. ಹಿಂದೆ ತೆಳ್ಳಗೆ, ಮುಂದೆ ದಪ್ಪ ಇರಲಿ. ಕೊನೆಗೆ ಮೂರು ಗಂಟು, ಅಂಟಿನ ಒಂದು ಹನಿ. ಉಣ್ಣೆಯ ಕೂದಲು ಚೂರು ಕೆದರಿದ್ದರೆ ಒಳ್ಳೆಯದು, ನೀರಿನಲ್ಲಿ ಅವೇ ಕಾಲಿನಂತೆ ಅಲುಗುತ್ತವೆ. ಎರೆಭೂಮಿಯ ಕೆರೆಗಳಲ್ಲಿ ಮಳೆ ಬಿದ್ದ ಮೇಲೆ ನೀರು ವಾರಗಟ್ಟಲೆ ರಾಡಿಯಾಗಿರುತ್ತದೆ, ಅಲ್ಲಿ ಕಪ್ಪು ಬಣ್ಣವೇ ಎದ್ದು ಕಾಣುತ್ತದೆ. ಮಸಾರಿ ನೆಲದ ತಿಳಿನೀರಿಗೆ ಕಂದು ಅಥವಾ ಹಸಿರು ಉಣ್ಣೆ.

ಎಲ್ಲಿ, ಯಾವಾಗ

ಏರಿಯ ಕಲ್ಲುಕಟ್ಟಡದ ಮೇಲೆ ನಿಲ್ಲುವುದು ಸುಲಭ, ಆದರೆ ಅಲ್ಲಿ ನೀರು ಆಳ, ಮೀನು ಕಮ್ಮಿ. ಹಳ್ಳದ ನೀರು ಕೆರೆಗೆ ಸೇರುವ ಬದಿ, ಜೊಂಡಿನ ಅಂಚು, ಅಂತರಗಂಗೆಯ ನಡುವಿನ ಖಾಲಿ ಜಾಗ, ಕೋಡಿಯ ಹತ್ತಿರದ ತೆಳು ನೀರು: ಹುಡುಕಬೇಕಾದ್ದು ಇವನ್ನು. ತೂಬಿನ ಬಳಿ ಹೋಗಬೇಡಿ, ನೀರು ಬಿಟ್ಟಾಗ ಸೆಳೆತ ಇರುತ್ತದೆ.

ಬೇಸಿಗೆಯಲ್ಲಿ ಬೆಳಕು ಹರಿದಾಗಿನಿಂದ ಎಂಟೂವರೆಯವರೆಗೆ, ಸಂಜೆ ಐದೂವರೆಯ ನಂತರ. ಡಿಸೆಂಬರ್, ಜನವರಿಯಲ್ಲಿ ಬೇಗ ಎದ್ದು ಪ್ರಯೋಜನವಿಲ್ಲ, ಬಿಸಿಲು ಏರಿ ದಂಡೆಯ ನೀರು ಬೆಚ್ಚಗಾದ ಮೇಲೆ ಹೋಗಿ. ಮುಂಗಾರಿನ ಮೊದಲ ಮಳೆಗಳ ನಂತರ ರೆಕ್ಕೆ ಗೆದ್ದಲು ಏಳುವ ಸಂಜೆ ಸಿಕ್ಕರೆ ಬಿಡಬೇಡಿ, ಆಗ ತೇಲುವ ಫ್ಲೈಗೆ ಜಿಲೇಬಿಯೂ ಏಳುತ್ತದೆ, ಮೈ ಉದ್ದಕ್ಕೂ ಕಪ್ಪು ಗೆರೆ ಇರುವ ಸಣ್ಣ ರಾಸ್ಬೋರಾ ಮೀನೂ ಏಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಪಶ್ಚಿಮದ ದಂಡೆಯಲ್ಲಿ ನಿಂತರೆ ಗಾಳಿ ಬೆನ್ನಿಗಿರುತ್ತದೆ. ಅಡ್ಡಗಾಳಿಯಾದರೆ ಬಲಗೈಯವರು ಅದನ್ನು ಎಡಕ್ಕೆ ಇಟ್ಟುಕೊಳ್ಳಿ. ಬಲದಿಂದ ಬಂದ ಗಾಳಿ ಗಾಳವನ್ನು ಮುಖಕ್ಕೇ ತರುತ್ತದೆ.

ಎಸೆಯುವುದು, ಎಳೆಯುವುದು

ರೀಲಿನಿಂದ 20 ಅಡಿ ದಾರ ಹೊರಗೆ ತೆಗೆದು (ರೀಲ್ ಇಲ್ಲದಿದ್ದರೆ ಇರುವಷ್ಟು ದಾರವನ್ನೇ) ನೀರ ಮೇಲೆ ನೇರ ಮಾಡಿ. ಮಣಿಕಟ್ಟು ಬಗ್ಗಿಸದೆ ಮೊಣಕೈಯಿಂದ ರಾಡ್ ಎತ್ತಿ, ಕಿವಿ ದಾಟಿದ ಕೂಡಲೇ ಗಟ್ಟಿಯಾಗಿ ನಿಲ್ಲಿಸಿ. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ, ಆಮೇಲೆ ಮುಂದೆ ತಂದು ಕಣ್ಣಿನ ಎತ್ತರದಲ್ಲಿ ನಿಲ್ಲಿಸಿ. ಹಿಂದೆ ಬಾರಕೋಲು ಬೀಸಿದ ಹಾಗೆ ಚಟ್ಟೆಂದು ಸದ್ದು ಬಂದರೆ ನೀವು ಕಾಯಲಿಲ್ಲ, ಫ್ಲೈ ಇನ್ನೂ ಇದೆಯೇ ನೋಡಿಕೊಳ್ಳಿ. ಹಿಂದೆ ಜಾಲಿಗಿಡ ಇದ್ದರೆ ಹಿಂದಕ್ಕೆ ಎಸೆಯುವುದೇ ಬೇಡ. ದಾರವನ್ನು ನೀರ ಮೇಲೆ ನಿಧಾನವಾಗಿ ಎಳೆಯುತ್ತ ರಾಡನ್ನು ಕಿವಿಯವರೆಗೆ ತಂದು, ದಾರ ಭುಜದ ಹಿಂದೆ ಬಿಲ್ಲಿನಂತೆ ಜೋತು ಬಿದ್ದಾಗ ಒಂದೇ ರಭಸದಲ್ಲಿ ಮುಂದಕ್ಕೆ ಒತ್ತಿ. ಹದಿನೈದಿಪ್ಪತ್ತು ಅಡಿ ಉರುಳಿಕೊಂಡು ಹೋಗುತ್ತದೆ, ಅಷ್ಟು ಸಾಕು.

ತೇಲುವ ಫ್ಲೈ ಬಿದ್ದ ಮೇಲೆ ಅಲೆಯ ಉಂಗುರಗಳು ಮಾಯವಾಗುವವರೆಗೆ ಮುಟ್ಟಬೇಡಿ. ಎರಡು ಬೆರಳಿನಷ್ಟು ಎಳೆದು ಮತ್ತೆ ಬಿಡಿ. ಮುಳುಗುವುದನ್ನು ಎಸೆದಾಗ ಮನಸ್ಸಿನಲ್ಲಿ ಐದು ಎಣಿಸಿ ಎಳೆಯಿರಿ, ಏನೂ ಇಲ್ಲದಿದ್ದರೆ ಮುಂದಿನ ಸಲ ಹತ್ತು, ಆಮೇಲೆ ಹದಿನೈದು. ಫ್ಲೈಗೆ ಕಸ ಹತ್ತಿದರೆ ತಳ ಮುಟ್ಟಿತು, ಎರಡು ಕಡಿಮೆ ಎಣಿಸಿ. ಎಳೆಯುವ ವೇಗ ಎಷ್ಟೆಂದರೆ, ನಿಮಗೆ ಬೇಸರ ಬರುವಷ್ಟು ನಿಧಾನ. ಕಚ್ಚಿದ್ದು ಕೈಗೆ ತಿಳಿಯುವುದು ಅಪರೂಪ, ದಾರದ ತುದಿ ಒಂದಿಂಚು ಸರಿಯುತ್ತದೆ ಅಥವಾ ಸುಮ್ಮನೆ ನಿಲ್ಲುತ್ತದೆ. ಅದು ಕಾಣದಿದ್ದರೆ ಜೋಳದ ದಂಟಿನ ಬೆಂಡಿನ ಒಂದು ಸೆಂ.ಮೀ. ತುಂಡನ್ನು ಫ್ಲೈಯಿಂದ ಎರಡು ಅಡಿ ಮೇಲೆ ಕಟ್ಟಿ. ಬೆಂಡು ಅಲುಗಿದ ಕೂಡಲೇ ರಾಡಿನ ತುದಿಯನ್ನು ಒಂದಡಿ ಮೇಲಕ್ಕೆತ್ತಿ. ಜಗ್ಗಿದರೆ ಜಿಲೇಬಿಯ ತೆಳು ತುಟಿ ಹರಿಯುತ್ತದೆ.

ತಗ್ಗು ಕಾಯುತ್ತಿರುವ ಗಂಡು ಜಿಲೇಬಿ ಕಂಡರೆ 20 ಅಡಿ ದೂರ ಕುಳಿತೇ ಎಸೆಯಿರಿ, ನೆರಳು ತಗ್ಗಿನ ಮೇಲೆ ಬೀಳಬಾರದು. ತಗ್ಗನ್ನು ದಾಟಿಸಿ ಹಾಕಿ, ಎಳೆದು ತಂದು ತಗ್ಗಿನೊಳಗೆ ಇಳಿಬಿಡಿ. ಅದು ಹಸಿವಿಗೆ ಕಚ್ಚುವುದಿಲ್ಲ, ಬಾಯಲ್ಲಿ ಹಿಡಿದು ಆಚೆ ಉಗುಳಲು ಕಚ್ಚುತ್ತದೆ, ಹಾಗಾಗಿ ಕಂಡ ಕ್ಷಣವೇ ಎತ್ತಬೇಕು. ಹೆಣ್ಣು ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡಿರುತ್ತದೆ, ಆಗ ಗಂಟಲು ಉಬ್ಬಿರುತ್ತದೆ, ಗಾಳಕ್ಕೆ ಬರುವುದು ಕಡಿಮೆ.

ಕೊರಮೀನು ಫ್ಲೈಗೆ ನುಗ್ಗುವುದುಂಟು. 0.16ರ ದಾರ ಅದರ ಹಲ್ಲಿಗೆ ಸಾಲದು, ಫ್ಲೈ ಹೋಯಿತೆಂದೇ ತಿಳಿಯಿರಿ. ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿಯುತ್ತಿದ್ದರೆ ತಾಯಿ ಕೆಳಗೇ ಇರುತ್ತದೆ, ಅಲ್ಲಿ ಎಸೆಯಬೇಡಿ.

ಜಿಲೇಬಿಯ ಬೆನ್ನಿನ ಮುಳ್ಳು ಕೈ ಸೀಳುತ್ತದೆ. ಕೈ ಒದ್ದೆ ಮಾಡಿಕೊಂಡು ತಲೆಯ ಕಡೆಯಿಂದ ಸವರುತ್ತ ಮುಳ್ಳು ಮಲಗಿಸಿ ಹಿಡಿಯಿರಿ. ಅಡುಗೆಗೆ ಒಯ್ಯುವುದಾದರೆ ಹೊಟ್ಟೆಯ ಒಳಗೋಡೆಯ ಕಪ್ಪು ಪೊರೆಯನ್ನು ಉಜ್ಜಿ ತೆಗೆಯಿರಿ, ಕೆಸರು ವಾಸನೆ ಕಡಿಮೆಯಾಗುತ್ತದೆ. ಚರಂಡಿ ನೀರು ಸೇರುವ ಊರೊಳಗಿನ ಕೆರೆಯದಾದರೆ ತಿನ್ನುವುದು ಬೇಡ. ಮನೆಗೆ ಬಂದ ಮೇಲೆ ಫ್ಲೈಗಳನ್ನು ಒದ್ದೆಯಾಗಿ ಡಬ್ಬಿಗೆ ಹಾಕಬೇಡಿ, ಒಂದು ತುಕ್ಕು ಹಿಡಿದರೆ ಪಕ್ಕದವೂ ಹಿಡಿಯುತ್ತವೆ. ಫ್ಲೈ ಲೈನನ್ನು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಪಾಚಿ ಅಂಟಿದ ದಾರ ಮುಂದಿನ ಸಲ ತುದಿಯಲ್ಲಿ ಮುಳುಗುತ್ತದೆ, ಆಗ ತೇಲುವ ಫ್ಲೈಯನ್ನೂ ಕೆಳಗೆಳೆಯುತ್ತದೆ.