ಕೈ ಹೋಗದ ಜಾಗಕ್ಕೆ ಗಿಡ್ಡ ಸಾಕೆಟ್: ಆರಿಸುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡ ಸೇರಿದ ಮೇಲೆ ಕಾರವಾರದ ಬೈತಖೋಲದಲ್ಲಿ ಒಂದು ಕಡೆ ಬಲೆ ಸರಿಪಡಿಸುವ ಕೆಲಸ, ಇನ್ನೊಂದು ಕಡೆ ಎಂಜಿನ್ ರಿಪೇರಿ. ವರ್ಷವಿಡೀ ಮುಂದಕ್ಕೆ ಹಾಕಿದ್ದೆಲ್ಲ ಈ ಮಳೆಗಾಲದ ಲೆಕ್ಕಕ್ಕೇ ಬರುತ್ತದೆ.

ಎಂಜಿನ್ ಇರುವುದು ಕ್ಯಾಬಿನ್ನಿನ ಅಡಿಯ ಗುಂಡಿಯಲ್ಲಿ. ಮೇಲೆ ಹಲಗೆ, ಪಕ್ಕದಲ್ಲಿ ಡೀಸೆಲ್ ಟ್ಯಾಂಕು, ಕೆಳಗೆ ಎಣ್ಣೆ ಬೆರೆತ ನೀರು. ಗೇರ್‌ಬಾಕ್ಸಿಗೂ ಪ್ರೊಪೆಲರ್ ಶಾಫ್ಟಿಗೂ ನಡುವಿನ ಕಪ್ಲಿಂಗಿನ ಬೋಲ್ಟುಗಳು ಟಾರ್ಚ್ ಬೆಳಕಿಗೆ ಸ್ಪಷ್ಟವಾಗಿ ಕಾಣುತ್ತವೆ, ಬೆರಳಿಗೂ ಸಿಗುತ್ತವೆ. ಬೋಲ್ಟಿನ ತಲೆಗೆ ಟೊಪ್ಪಿಯಂತೆ ಕೂರುವ ಸಾಕೆಟ್ಟಿಗೆ ರಾಚೆಟ್ (ಒಳಗಿನ ಹಲ್ಲುಗಳಿಂದ ಒಂದೇ ದಿಕ್ಕಿಗೆ ತಿರುಗಿಸುವ ಹಿಡಿಕೆ) ಜೋಡಿಸಿ ಒಯ್ದರೆ ಮಾತ್ರ ಒಳಗೆ ಹೋಗುವುದಿಲ್ಲ. ಆಗ ಅಂಗಡಿಯವರು ಕೊಡುವುದು ಲೋ ಪ್ರೊಫೈಲ್ ಸಾಕೆಟ್, ಅಂದರೆ ಸಾಮಾನ್ಯ ಸಾಕೆಟ್‌ಗಿಂತ ಎತ್ತರ ಕಡಿಮೆ ಇರುವ ಗಿಡ್ಡ ಸಾಕೆಟ್.

ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಒಂದು ಸೆಟ್ ತಂದೆ. ಗಿಡ್ಡ ಸಾಕೆಟ್ ಎಂದಷ್ಟೇ ನೋಡಿದ್ದೆ, ಜಾಗವನ್ನು ಅಳೆದಿರಲಿಲ್ಲ. ಕಪ್ಲಿಂಗಿನ ಬಳಿ ಹೋದಾಗ ತಿಳಿಯಿತು, ಅಲ್ಲಿ ಎತ್ತರಕ್ಕೆ ಕೊರತೆಯೇ ಇರಲಿಲ್ಲ. ಬೋಲ್ಟಿನ ತಲೆಗೂ ಫ್ಲೇಂಜಿನ (ಕಪ್ಲಿಂಗಿನ ಬಿಲ್ಲೆಯ) ನಡುವಿನ ದಪ್ಪ ಭಾಗಕ್ಕೂ ಮಧ್ಯೆ ಪಕ್ಕದ ಸಂದು ಕಡಿಮೆ ಇತ್ತು. ನಾನು ತಂದ ಸಾಕೆಟ್‌ಗಳು ಗಿಡ್ಡವಾಗಿದ್ದರೂ ಗೋಡೆ ದಪ್ಪ. ಓರೆಯಾಗಿ ಕೂರಿಸಿ ಬಲ ಹಾಕಿದೆ, ಬೋಲ್ಟಿನ ಮೂಲೆಗಳು ಸವೆದು ತಲೆ ಉರುಟಾಯಿತು. ಅದನ್ನು ಉಳಿ ಹಿಡಿದು ಕಡಿದು ತೆಗೆಯಲು ಅರ್ಧ ದಿನ ಬೇಕಾಯಿತು. ಅಂದಿನಿಂದ ಅಂಗಡಿಗೆ ಹೋಗುವ ಮೊದಲು ಗುಂಡಿಗೆ ಇಳಿಯುತ್ತೇನೆ.

ಮೊದಲು ಮೂರು ಕಡ್ಡಿ

ಇಕ್ಕಟ್ಟು ಮೂರು ಬಗೆಯದು. ಬೋಲ್ಟಿನ ತಲೆಯ ಮೇಲೆ ಜಾಗ ಇಲ್ಲದಿರುವುದು ಒಂದು, ಸುತ್ತ ಇಲ್ಲದಿರುವುದು ಇನ್ನೊಂದು, ಹಿಡಿಕೆ ತಿರುಗಿಸಲು ಇಲ್ಲದಿರುವುದು ಮತ್ತೊಂದು. ಗಿಡ್ಡ ಸಾಕೆಟ್ ಪರಿಹಾರವಾಗುವುದು ಮೊದಲನೆಯದಕ್ಕೆ ಮಾತ್ರ. ಪಕ್ಕದ ಇಕ್ಕಟ್ಟಿಗೆ ಗೋಡೆ ತೆಳುವಾದ ಸಾಕೆಟ್ ಬೇಕು, ಹಿಡಿಕೆಯ ಇಕ್ಕಟ್ಟಿಗೆ ಹೆಚ್ಚು ಹಲ್ಲಿನ ರಾಚೆಟ್ ಬೇಕು.

ಅಳತೆಗೆ ವರ್ನಿಯರ್ ಒಳಗೆ ಹೋಗದಿದ್ದರೆ ತೆಂಗಿನಗರಿಯ ಕಡ್ಡಿ ಸಾಕು. ಬೋಲ್ಟಿನ ತಲೆಯಿಂದ ಎದುರಿನ ಅಡ್ಡಿಯವರೆಗೆ ಕಡ್ಡಿ ಇಟ್ಟು ಸರಿಯಾಗಿ ಮುರಿಯಿರಿ. ಎರಡನೆಯ ಕಡ್ಡಿಯನ್ನು ತಲೆಯ ಮೂಲೆಯಿಂದ ಪಕ್ಕದ ಗೋಡೆಯವರೆಗೆ ಇಡಿ. ಮೂರನೆಯದನ್ನು ಹಿಡಿಕೆ ಬರುವ ಕಡೆಯಲ್ಲಿ ಅದು ಆಡಬಹುದಾದಷ್ಟು ಅಗಲಕ್ಕೆ ಮುರಿಯಿರಿ. ಹೊರಗೆ ಬಂದು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಇಕ್ಕಟ್ಟಿನಲ್ಲಿ ಹಿಡಿಕೆ ಸ್ಟಾರ್ಟರ್ ಮೋಟಾರಿನ ಟರ್ಮಿನಲ್‌ಗೂ ಎಂಜಿನ್ನಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ, ಕೈ ಸುಡುತ್ತದೆ.

ಎತ್ತರದ ಲೆಕ್ಕ

ಸಾಕೆಟ್ಟಿನ ಎತ್ತರ ಮಾತ್ರ ನೋಡಿ ಕೊಳ್ಳುವವರೇ ಹೆಚ್ಚು. ಬೇಕಾದ ಜಾಗವೆಂದರೆ ಸಾಕೆಟ್ಟಿನ ಎತ್ತರಕ್ಕೆ ರಾಚೆಟ್ ತಲೆಯ ದಪ್ಪವನ್ನು ಕೂಡಿದ್ದು. ರಾಚೆಟ್ಟಿನ ಅಳತೆ ಹೇಳುವುದು ಸಾಕೆಟ್ಟಿನ ಕಿಂಡಿಗೆ ಕೂರುವ ಅದರ ಚೌಕದಿಂದ. ನನ್ನ ಪೆಟ್ಟಿಗೆಯ ಅರ್ಧ ಇಂಚಿನ ರಾಚೆಟ್ಟಿನ ತಲೆ, ಆ ಚೌಕ ಬಿಟ್ಟು, 28 ಮಿ.ಮೀ.; ಸಾಮಾನ್ಯ ಸಾಕೆಟ್ 38 ಮಿ.ಮೀ. ಒಟ್ಟು 66. ಅದೇ 3/8 ಇಂಚಿನ ರಾಚೆಟ್ಟಿನ ತಲೆ 24, ಅದಕ್ಕೆ ಕೂರುವ ಗಿಡ್ಡ ಸಾಕೆಟ್ 18; ಒಟ್ಟು 42. ಬೋಲ್ಟಿನ ತಲೆ ಸಾಕೆಟ್ಟಿನೊಳಗೆ ಹೋಗುತ್ತದಲ್ಲ, ಅಷ್ಟು ಕಳೆಯಬಹುದು ಎಂದುಕೊಳ್ಳಬೇಡಿ. ಕೂರಿಸುವ ಹೊತ್ತಿಗೆ ಸಾಕೆಟ್ಟಿನ ಬಾಯಿ ತಲೆಗಿಂತ ಮೇಲೆ ಇರಬೇಕು, ಆದ್ದರಿಂದ ಪೂರ್ತಿ ಎತ್ತರಕ್ಕೆ ಜಾಗ ಬೇಕೇ ಬೇಕು.

ಬಿಚ್ಚುವಾಗ ಇನ್ನೊಂದು ಅಪಾಯವಿದೆ. ಬೋಲ್ಟ್ ಸಡಿಲವಾದಂತೆ ಮೇಲೇಳುತ್ತದೆ, ರಾಚೆಟ್ಟನ್ನೂ ಜೊತೆಗೆ ಎತ್ತುತ್ತದೆ. ಸಾಮಾನ್ಯ ಎಳೆಯ ಎಂ10 (ಅಂದರೆ 10 ಮಿ.ಮೀ. ದಪ್ಪದ) ಬೋಲ್ಟ್ ಒಂದು ಸುತ್ತಿಗೊಮ್ಮೆ 1.5 ಮಿ.ಮೀ., ಎಂ12 ಬೋಲ್ಟ್ 1.75 ಮಿ.ಮೀ. ಏರುತ್ತದೆ. ಎಂ10 ಬೋಲ್ಟನ್ನು ನಾಲ್ಕು ಸುತ್ತು ತಿರುಗಿಸಿದರೆ 6 ಮಿ.ಮೀ. ಹೋಯಿತು. ಮೇಲಿನ ಹಲಗೆಗೂ ಬೋಲ್ಟಿಗೂ ನಡುವೆ ರಾಚೆಟ್ ಸಿಕ್ಕಿಕೊಂಡರೆ ಎಳೆದು ತೆಗೆಯಲು ಬರುವುದಿಲ್ಲ, ಹಿಂದಕ್ಕೆ ತಿರುಗಿಸಿ ಬೋಲ್ಟನ್ನು ಇಳಿಸಬೇಕು. ದಿಕ್ಕು ಬದಲಿಸುವ ಗುಬುಟು ಕೂಡ ಆ ಇಕ್ಕಟ್ಟಿನಲ್ಲಿ ಬೆರಳಿಗೆ ಸಿಗುವಂತಿರಬೇಕು. ಗುಬುಟೇ ಇಲ್ಲದ ರಾಚೆಟ್ ರಿಂಗ್ ಸ್ಪ್ಯಾನರ್‌ಗಳಲ್ಲಿ ದಿಕ್ಕು ಬದಲಿಸಲು ಮಗುಚಿ ಹಾಕಬೇಕು, ಸಿಕ್ಕಿಕೊಂಡ ಮೇಲೆ ಮಗುಚುವ ಮಾತೇ ಇಲ್ಲ. ಅಂಥದ್ದನ್ನು ಎರಡು ಸುತ್ತಿನವರೆಗೆ ಮಾತ್ರ ಬಳಸಿ, ಉಳಿದದ್ದನ್ನು ಬೆರಳಿನಿಂದ ಬಿಚ್ಚಿ.

ತಳವಿಲ್ಲದ ಸಾಕೆಟ್

ಗಿಡ್ಡ ಸಾಕೆಟ್‌ಗಳಲ್ಲೇ ಇನ್ನೊಂದು ಜಾತಿ ಇದೆ. ಅದರಲ್ಲಿ ಚೌಕದ ಕಿಂಡಿ ಇಲ್ಲ. ಉಂಗುರದಂಥ ರಾಚೆಟ್ಟಿನ ತಲೆಯೊಳಗೆ ಇಡೀ ಸಾಕೆಟ್ ಕೂರುತ್ತದೆ, ಆರಪಾರ ತೂತು ಇರುತ್ತದೆ. ಹೀಗಾಗಿ ಒಟ್ಟು ಎತ್ತರ ಹೆಚ್ಚುಕಡಿಮೆ ಸಾಕೆಟ್ಟಿನಷ್ಟೇ. ರಬ್ಬರ್ ಮೌಂಟಿಂಗ್ ಇರುವ ಎಂಜಿನ್ನಿನ ಕಾಲಿನಲ್ಲಿ ಉದ್ದನೆಯ ಸ್ಟಡ್ (ತಲೆಯಿಲ್ಲದ ಎಳೆಯ ಸರಳು) ಇರುತ್ತದೆ, ನಟ್ ಅರ್ಧದಲ್ಲಿ ಕೂತಿರುತ್ತದೆ. ಚೌಕದ ಗಿಡ್ಡ ಸಾಕೆಟ್ ಅಲ್ಲಿ ಕೆಲಸಕ್ಕೆ ಬಾರದು, ಸ್ಟಡ್ಡಿನ ತುದಿ ಒಳಗಿನ ತಳಕ್ಕೆ ತಾಗಿ ಸಾಕೆಟ್ ನಟ್ಟಿನ ಮೇಲೆ ಪೂರ್ತಿ ಇಳಿಯುವುದಿಲ್ಲ. ಆರಪಾರ ಸಾಕೆಟ್ಟಿನಲ್ಲಿ ಸ್ಟಡ್ ಸಲೀಸಾಗಿ ಹಿಂದಿನಿಂದ ಹೊರಬರುತ್ತದೆ. ಎಂಜಿನ್ ಕಾಲಿನ ಕೆಲಸಕ್ಕೆ ನಾನು ಬೇರೆ ಯಾವುದನ್ನೂ ಶಿಫಾರಸು ಮಾಡುವುದಿಲ್ಲ. ಆದರೆ ಇದರ ಹೊರಸುತ್ತು ದೊಡ್ಡದು. ಎರಡನೆಯ ಕಡ್ಡಿ ಚಿಕ್ಕದಾಗಿದ್ದರೆ ಇದನ್ನು ಮುಟ್ಟಬೇಡಿ. ನನ್ನ ಬೋಲ್ಟ್ ಹಾಳಾಗಿದ್ದು ಇದೇ ಕಾರಣಕ್ಕೆ.

ಮೂಲೆ ಮತ್ತು ಬಾಯಿ

ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟಿಗೆ ಆರು ಮೂಲೆಯ ಸಾಕೆಟ್ಟೇ ಇರಲಿ. ಹನ್ನೆರಡು ಮೂಲೆಯದ್ದನ್ನು 30 ಡಿಗ್ರಿಗೊಮ್ಮೆ ಕೂರಿಸಬಹುದು, ಆರು ಮೂಲೆಯದ್ದನ್ನು 60 ಡಿಗ್ರಿಗೊಮ್ಮೆ. ರಾಚೆಟ್ ಇದ್ದಾಗ ಆ ಅನುಕೂಲ ಅಷ್ಟಾಗಿ ಬೇಕಾಗುವುದಿಲ್ಲ, ಆಗ ಎಣಿಸಬೇಕಾದದ್ದು ರಾಚೆಟ್ಟಿನ ಹಲ್ಲನ್ನು. 24 ಹಲ್ಲಿನದಕ್ಕೆ ಹಿಡಿಕೆ 15 ಡಿಗ್ರಿ ಆಡಬೇಕು, 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಮೂರನೆಯ ಕಡ್ಡಿ ಚಿಕ್ಕದಾಗಿದ್ದವರು 72 ಹಲ್ಲಿನದನ್ನೇ ಕೇಳಿ.

ಇನ್ನು ಸಾಕೆಟ್ಟಿನ ಬಾಯಿ. ಬೋಲ್ಟ್ ಸುಲಭವಾಗಿ ಒಳಗೆ ಬರಲೆಂದು ಬಾಯಿಯ ಅಂಚನ್ನು ಒಳಮುಖವಾಗಿ ಇಳಿಜಾರು ಮಾಡಿರುತ್ತಾರೆ. ಆ ಭಾಗಕ್ಕೆ ಹಿಡಿತವಿಲ್ಲ. ಎಂ8 ಬೋಲ್ಟಿನ ತಲೆಯ ಎತ್ತರವೇ 5.3 ಮಿ.ಮೀ., ಎಂ6ರದ್ದು 4 ಮಿ.ಮೀ. ಅದರಲ್ಲಿ ಒಂದೂವರೆ ಮಿ.ಮೀ. ಇಳಿಜಾರಿಗೆ ಹೋದರೆ ಹಿಡಿಯುವುದಕ್ಕೆ ಉಳಿಯುವುದೆಷ್ಟು? ಅಂಗಡಿಯಲ್ಲಿ ಸಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಅಂಚು ಚಪ್ಪಟೆಯಾಗಿರುವುದನ್ನು ಆರಿಸಿ. ಅನುಭವಿ ಮೆಕ್ಯಾನಿಕ್‌ಗಳು ಹಳೆಯ ಸಾಕೆಟ್ಟಿನ ಬಾಯಿಯನ್ನು ಗ್ರೈಂಡರಿನಲ್ಲಿ ಉಜ್ಜಿ ಸಪಾಟು ಮಾಡಿಕೊಳ್ಳುತ್ತಾರೆ. ಅದು ಒಳ್ಳೆಯ ಉಪಾಯ. ಆದರೆ ಸ್ವಲ್ಪ ಉಜ್ಜಿ ನೀರಿನಲ್ಲಿ ಅದ್ದಿ ಮತ್ತೆ ಉಜ್ಜಬೇಕು. ಉಕ್ಕು ನೀಲಿಗಟ್ಟಿದರೆ ಅದರ ಹದ ಹೋಯಿತು.

ಅಳತೆಯ ಗೊಂದಲ

ಎಂ8 ಬೋಲ್ಟಿಗೆ ಸಾಮಾನ್ಯವಾಗಿ 13 ಮಿ.ಮೀ. ಬಾಯಿಯ ಸಾಕೆಟ್, ಜಪಾನ್ ಮಾದರಿಯ ಎಂಜಿನ್ನುಗಳಲ್ಲಿ 12. ಎಂ10 ಬೋಲ್ಟಿಗೆ 17 ಅಥವಾ 16, ಜಪಾನಿನದಕ್ಕೆ 14. ಪೂರ್ತಿ ಸೆಟ್ ಕೊಳ್ಳುವಾಗ 12 ಮತ್ತು 14 ಇದೆಯೇ ನೋಡಿ. ಇಂಚಿನ ಸಾಕೆಟ್ಟನ್ನು ಮಿ.ಮೀ. ಬೋಲ್ಟಿಗೆ ಬಳಸುವ ಅಭ್ಯಾಸ ಬೇಡ. ಅರ್ಧ ಇಂಚು ಎಂದರೆ 12.7 ಮಿ.ಮೀ., ಅದು 12ಕ್ಕೂ ಸಲ್ಲದು, 13ಕ್ಕೂ ಸಲ್ಲದು. ಮುಕ್ಕಾಲು ಇಂಚು 19ಕ್ಕೆ ಸರಿಹೊಂದುವುದು ಬರಿಯ ಅದೃಷ್ಟ.

ಬಲ ಹಾಕುವ ಕ್ರಮ

ಚೌಕ ಚಿಕ್ಕದಾದಷ್ಟೂ ಸಾಧನ ಗಿಡ್ಡವಾಗುತ್ತದೆ, ದುರ್ಬಲವೂ ಆಗುತ್ತದೆ. 8.8 ದರ್ಜೆಯ (ಬೋಲ್ಟಿನ ಗಟ್ಟಿತನದ ಗುರುತು) ಎಂ10 ಬೋಲ್ಟನ್ನು ಬಿಗಿಯಲು ಸುಮಾರು 45ರಿಂದ 50 ನ್ಯೂಟನ್ ಮೀಟರ್ ಬಲ ಬೇಕು. ತುಕ್ಕು ಹಿಡಿದಾಗ ಬಿಚ್ಚಲು ಇನ್ನೂ ಹೆಚ್ಚು. ಕಾಲು ಇಂಚಿನ ಚೌಕಕ್ಕೆ ಇದು ಮೀರಿದ ಭಾರ. ಹಿಂದಿನ ಸಂಜೆಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿರಿ. ಮೊದಲ ಕಾಲು ಸುತ್ತನ್ನು ರಿಂಗ್ ಸ್ಪ್ಯಾನರಿನಲ್ಲಿ ಬಿಡಿಸಿ, ಆಮೇಲೆ ಗಿಡ್ಡ ಸಾಕೆಟ್ ಹಾಕಿ. ಹಿಡಿಕೆಗೆ ಪೈಪ್ ತೂರಿಸಿ ಎಳೆಯಬೇಡಿ, ರಾಚೆಟ್ಟಿನ ಹಲ್ಲು ಮುರಿದು ಗೆಣ್ಣು ಕಬ್ಬಿಣಕ್ಕೆ ಬಡಿಯುತ್ತದೆ. ಹೊಳೆಯುವ ಕ್ರೋಮ್ ಸಾಕೆಟ್ಟನ್ನು, ಬಡಿದು ತಿರುಗಿಸುವ ಇಂಪ್ಯಾಕ್ಟ್ ಗನ್ನಿಗೆ ಹಾಕುವುದಂತೂ ಬೇಡವೇ ಬೇಡ. ಒಡೆದ ಚೂರು ಕಣ್ಣಿಗೆ ಹಾರಬಹುದು. ಗನ್ನಿಗೆ ದಪ್ಪ ಗೋಡೆಯ ಕಪ್ಪು ಸಾಕೆಟ್ ಬೇರೆಯೇ ಬರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಮೊದಲ ಕಡ್ಡಿ 20 ಮಿ.ಮೀ. ಒಳಗೇ ಇದ್ದರೆ ಸಾಕೆಟ್ಟಿನ ಆಸೆ ಬಿಟ್ಟು ತೆಳುವಾದ ರಿಂಗ್ ಸ್ಪ್ಯಾನರ್ ತೆಗೆದುಕೊಳ್ಳಿ. ಅದರಿಂದ ಕೆಲಸ ನಿಧಾನವಾದೀತು, ಬೋಲ್ಟ್ ಉಳಿಯುತ್ತದೆ.

ಕೆಲಸ ಮುಗಿದ ಮೇಲೆ

ಶಿರಸಿಯ ಅಡಿಕೆ ತೋಟದವರಿಗೂ ಈ ಮಾತು ಅನ್ವಯಿಸುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ಬೆಲ್ಟ್ ಬಿಗಿ ಮಾಡಲು ಎಂಜಿನ್ನಿನ ಅಡಿಯ ಬೋಲ್ಟ್ ಸಡಿಲಿಸಬೇಕು, ಅಲ್ಲಿಯೂ ಕೈಗೆ ಜಾಗವಿಲ್ಲ. ಆ ದ್ರಾವಣದ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಕರಾವಳಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಘಟ್ಟದ ಮೇಲೆ ಅದು ಮಾಡುತ್ತದೆ. ಬಳಸಿದ ಸಾಕೆಟ್ಟನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಎಂಜಿನ್ ಆಯಿಲ್ ಸವರಿ ಇಡಿ. ರಾಚೆಟ್ಟನ್ನು ನೀರಿನಲ್ಲಿ ಮುಳುಗಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಹಲ್ಲಿಗೆ ಎರಡು ಹನಿ ತೆಳು ಎಣ್ಣೆ ಬಿಡಿ. ಕ್ರೋಮ್ ಸಿಪ್ಪೆಯೇಳಲು ತೊಡಗಿದ ಸಾಕೆಟ್ಟನ್ನು ಬದಲಿಸುವುದು ಮೇಲು, ಆ ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ.

ಮುರಿದ ಕಡ್ಡಿಗಳನ್ನು ಎಸೆಯಬೇಡಿ. ಯಾವ ಬೋಲ್ಟಿನದು, ಯಾವ ಸಾಕೆಟ್ ಹೊಂದಿತು ಎಂದು ಚೀಟಿಯಲ್ಲಿ ಬರೆದು, ಮೂರನ್ನೂ ಅದರೊಂದಿಗೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ ಸಾಮಾನಿನ ಪೆಟ್ಟಿಗೆಯಲ್ಲಿ ಇಡಿ. ಮುಂದಿನ ಜೂನ್‌ನಲ್ಲಿ ಆ ಗುಂಡಿಗೆ ಇಳಿಯುವವರು ನಿಮ್ಮ ಮಗನೋ ಹೊಸ ಮೆಕ್ಯಾನಿಕ್ಕೋ ಆಗಿದ್ದರೂ ಅಳತೆ ಅವರ ಕೈಯಲ್ಲಿರುತ್ತದೆ.