ಯುವ ಕ್ಯಾನ್ಸರ್ ಸಂಶೋಧಕರನ್ನು ನಮ್ಮೂರಿಗೆ ಕರೆತರುವುದು ಹೇಗೆ?

ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ವಿಜಯಪುರ, ಬಾಗಲಕೋಟೆಗಳಲ್ಲೂ ವೈದ್ಯಕೀಯ ಕಾಲೇಜುಗಳಿವೆ. ಚಿಕಿತ್ಸೆಯ ಜೊತೆಗೆ ಇಲ್ಲೇ ನೆಲೆನಿಂತು ಸಂಶೋಧನೆ ಮಾಡುವ ಯುವ ಅಧ್ಯಾಪಕರೂ ಬೇಕು. ಅದಕ್ಕೆ ಕೇಂದ್ರದ ಅನುದಾನಗಳಿವೆ. ಕಾಲೇಜುಗಳು ಅವನ್ನು ತರುವ ದಾರಿ ಹೀಗಿದೆ.

ಮೊದಲು ನಿಮ್ಮ ನೆಲದ ಪ್ರಶ್ನೆಯನ್ನು ಹುಡುಕಿ. ನಿಪ್ಪಾಣಿ ತಂಬಾಕಿನ ಸೀಮೆ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಗಂಡಸರು, ಹೆಂಗಸರು ಇಬ್ಬರಲ್ಲೂ ಇದೆ. ಬಾಯಿ ಕ್ಯಾನ್ಸರ್ ಕುರಿತು ಕೆಲಸ ಮಾಡುವವರಿಗೆ ಇಂಥ ಊರೇ ಆಕರ್ಷಣೆ. ‘ಕ್ಯಾನ್ಸರ್ ಸಂಶೋಧಕರು ಬೇಕಾಗಿದ್ದಾರೆ’ ಎಂದಷ್ಟೇ ಜಾಹೀರಾತು ಕೊಟ್ಟರೆ ಒಳ್ಳೆಯವರು ಬರುವುದಿಲ್ಲ.

ಆಮೇಲೆ ಯೋಜನೆಯ ಆಯ್ಕೆ. ವಿದೇಶದಿಂದ ಮರಳುವ, 40 ವರ್ಷದೊಳಗಿನವರಿಗೆ ರಾಮಾನುಜನ್ ಫೆಲೋಶಿಪ್: 5 ವರ್ಷ, ತಿಂಗಳಿಗೆ 1.35 ಲಕ್ಷ ರೂಪಾಯಿ, ಸಂಶೋಧನಾ ವೆಚ್ಚಕ್ಕೆ ವರ್ಷಕ್ಕೆ 7 ಲಕ್ಷ. ಜೀವವಿಜ್ಞಾನದವರಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಫೆಲೋಶಿಪ್ ಇದೆ. ಈಗಾಗಲೇ ಕಾಯಂ ಹುದ್ದೆಗೆ ಸೇರಿದ ಹೊಸಬರಾದರೆ ಪ್ರಧಾನಮಂತ್ರಿ ಅರ್ಲಿ ಕರಿಯರ್ ಅನುದಾನ: 3 ವರ್ಷಕ್ಕೆ 60 ಲಕ್ಷದವರೆಗೆ.

ಇನ್ನು ಒಪ್ಪಿಗೆ ಪತ್ರ, ಅಂದರೆ ಸಂಶೋಧಕರಿಗೆ ಜಾಗ ಕೊಡುವ ಸಂಸ್ಥೆ ಅರ್ಜಿಯ ಜೊತೆ ಬರೆದುಕೊಡುವ ಪತ್ರ. ಇಲ್ಲಿ ನಿಧಾನಿಸಿ. ಒಂದು ಉದಾಹರಣೆ ನೋಡಿ. ಅಮೆರಿಕದ ಟೆಕ್ಸಾಸ್ ಜನ 2007ರಲ್ಲಿ ಮತ ಹಾಕಿ ಕ್ಯಾನ್ಸರ್ ಸಂಶೋಧನೆಗೆಂದೇ 300 ಕೋಟಿ ಡಾಲರ್ ಬಾಂಡ್‌ಗಳಿಗೆ ಒಪ್ಪಿದರು, 2019ರಲ್ಲಿ ಮತ್ತೆ 300 ಕೋಟಿಗೆ. ಅದರಲ್ಲಿ ಮೊದಲ ಸಲ ಪ್ರಾಧ್ಯಾಪಕರಾಗುವವರನ್ನು ಕರೆತರಲೆಂದೇ ಒಂದು ಅನುದಾನವಿದೆ. ಅಲ್ಲಿ ಅಭ್ಯರ್ಥಿ ತಾನೇ ಅರ್ಜಿ ಹಾಕುವಂತಿಲ್ಲ. ವಿಶ್ವವಿದ್ಯಾಲಯವೇ ಹೆಸರು ಸೂಚಿಸಬೇಕು, ತಾನೇನು ಕೊಡುತ್ತದೆಂದು ಬರೆದುಕೊಡಬೇಕು. ನಮ್ಮಲ್ಲಿ ಈ ಪತ್ರ ಎಷ್ಟೋ ಕಡೆ ‘ಎಲ್ಲ ಸೌಲಭ್ಯ ಒದಗಿಸಲಾಗುವುದು’ ಎಂಬ ಒಂದೇ ಸಾಲು. ಅಷ್ಟು ಸಾಲದು. ಯಾವ ಕೋಣೆ, ಎಷ್ಟು ಚದರಡಿ, ವಾರಕ್ಕೆ ಎಷ್ಟು ತಾಸು ಪಾಠ, 5 ವರ್ಷದ ನಂತರ ಯಾವ ಹುದ್ದೆ, ಎಲ್ಲವನ್ನೂ ಬರೆಯಿರಿ.

ಕರೆಂಟಿನ ವಿಷಯವನ್ನೂ ಬರೆಯಿರಿ. ನಾನಿದ್ದ ಕಾಲೇಜೊಂದರಲ್ಲಿ ಹೊಸದಾಗಿ ಸೇರಿದ್ದ ಹುಡುಗ ಎರಡು ವರ್ಷ ಕೂಡಿಟ್ಟ ಗಡ್ಡೆಯ ಮಾದರಿಗಳನ್ನು ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಇಟ್ಟಿದ್ದ. ಅದಕ್ಕೆ ಜನರೇಟರ್ ಲೈನ್ ಎಳೆದಿರಲಿಲ್ಲ. ಮೇ ತಿಂಗಳ ಒಂದು ಸೋಮವಾರ ಅಟೆಂಡರ್ ಓಡಿಬಂದು, ‘ಸರ್, ಫ್ರಿಜ್ಜಿನ್ಯಾಗಿಂದ ನೀರ ಸೋರಾಕತ್ತೇತಿ’ ಎಂದ. ಟ್ಯೂಬುಗಳ ಮೇಲೆ ಪೆನ್ನಿನಲ್ಲಿ ಬರೆದ ನಂಬರುಗಳೂ ಅಳಿಸಿಹೋಗಿದ್ದವು. ಒಬ್ಬೊಬ್ಬ ರೋಗಿಯೂ ನಂಬಿ ಸಹಿ ಹಾಕಿ ಕೊಟ್ಟಿದ್ದ ಮಾದರಿಗಳವು. ದೀಪಾವಳಿಯೊಳಗೆ ಹುಡುಗ ಬೆಂಗಳೂರಿಗೆ ಹೊರಟುಹೋದ. ಅವನನ್ನು ಉಳಿಸಿಕೊಳ್ಳಲು ಒಂದು ತಂತಿ ಸಾಕಿತ್ತು.

ಅರ್ಜಿಯ ಜೊತೆ ಕಾಗದಪತ್ರಗಳ ತಯಾರಿಯೂ ನಡೆಯಲಿ. ರೋಗಿಗಳ ಮಾದರಿ ಬಳಸಲು ನೈತಿಕ ಸಮಿತಿಯ ಅನುಮತಿ ಬೇಕು. ಖಾಸಗಿ ಸಂಸ್ಥೆಯಾದರೆ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ (ಡಿಎಸ್‌ಐಆರ್) ಮಾನ್ಯತೆಯ ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ.

ಹಣ ಬಂದ ಮೇಲೆ ಲೆಕ್ಕಪತ್ರ ವಿಭಾಗದ ಒಬ್ಬರನ್ನು ಈ ಕೆಲಸಕ್ಕೇ ಗೊತ್ತುಮಾಡಿ. ಮಾರ್ಚ್ 31ಕ್ಕೆ ವರ್ಷ ಮುಗಿದೊಡನೆ ಹಣ ಬಳಕೆ ಪ್ರಮಾಣಪತ್ರ, ಅಂದರೆ ಯುಸಿ, ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಆ ಫಾರಂ ತುಂಬುವ ಕೆಲಸವನ್ನು ಸಂಶೋಧಕರ ತಲೆಗೆ ಕಟ್ಟಬೇಡಿ.